ಕೈಗೆಟುಕುವ ಎತ್ತರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಪುಟ್ಟ ಮನೆಯೊಂದರಲ್ಲಿ ಆಸ್ಪತ್ರೆಯ ದಾದಿಯೊಬ್ಬರು ಬೆಳಗಿನ ಪಾಳಿಗೆ ಹೊರಡುವ ಮುಂಚೆ ಹಾಲು ಕಾಯಿಸುತ್ತಿದ್ದಾರೆ. ಅವರ ಅಡುಗೆಮನೆ ಎಷ್ಟು ದೊಡ್ಡದೆಂದರೆ, ಒಳಗೆ ಹೋದವರು ತಿರುಗಬೇಕಾದರೆ ಮೊದಲು ಹೊರಗೆ ಬರಬೇಕು. ಬಾಗಿಲ ಬಳಿ ಮಡಿಸಿದ ಗೋಣಿಚೀಲದ ಮೇಲೆ ಎತ್ತರದ ಮುದುಕರೊಬ್ಬರು ಕೂತಿದ್ದಾರೆ. ಗರಗಸವಿಲ್ಲ, ಸುತ್ತಿಗೆಯಿಲ್ಲ, ಅಳತೆಯ ಟೇಪೂ ಇಲ್ಲ. ಕೈಯಲ್ಲಿರುವುದು ಒಂದು ತುಂಡು ಸೀಮೆಸುಣ್ಣ. ಕಣ್ಣು ಮಿಟುಕಿಸದೆ ದಾದಿಯ ಕೈಯನ್ನೇ ನೋಡುತ್ತಿದ್ದಾರೆ.

ದಾದಿ ಸಕ್ಕರೆ ಡಬ್ಬಿಗೆಂದು ಬಲಕ್ಕೆ ಕೈ ಚಾಚುತ್ತಾರೆ. ಡಬ್ಬಿ ಎಡಕ್ಕಿದೆ. ನಾಲಿಗೆ ಕಚ್ಚಿಕೊಂಡು ಎಡಕ್ಕೆ ತಿರುಗುತ್ತಾರೆ. ಮುದುಕರು ಎದ್ದು ಹೋಗಿ, ಕೈ ಮೊದಲು ಹೋದ ಜಾಗದಲ್ಲಿ ಗೋಡೆಯ ಮೇಲೆ ಒಂದು ಗೀಟು ಎಳೆದು, ಬಂದು ಮತ್ತೆ ಕೂರುತ್ತಾರೆ.

“ಈ ಮನೆಗೆ ಬಂದು ಎಷ್ಟು ವರ್ಷ ಆಯ್ತು ಮೇಸ್ತ್ರಿ, ಸಕ್ಕರೆ ಎಲ್ಲಿದೆ ಅಂತ ಇನ್ನೂ ಮರೀತೀನಿ ನೋಡಿ,” ಎಂದು ದಾದಿ ನಗುತ್ತಾರೆ.

“ನೀವೆಲ್ಲಿ ಮರೆತ್ರಿ ತಾಯಿ? ಅದು ಎಲ್ಲಿರಬೇಕು ಅಂತ ಕೈ ಹೇಳ್ತಾ ಇದೆ. ಡಬ್ಬೀನೇ ದಾರಿ ತಪ್ಪಿ ಅಲ್ಲಿ ಕೂತಿದೆ.”

ಈ ಮುದುಕರಿಗೆ ಸುತ್ತಮುತ್ತಲಿನ ಬೀದಿಗಳಲ್ಲಿ ಗೇಣು ಮೇಸ್ತ್ರಿ ಎಂದೇ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಈಗ ಬ್ಯಾಂಕಿನವರಿಗೆ ಮಾತ್ರ ಗೊತ್ತು. ಮೂವತ್ತು ಚಿಲ್ಲರೆ ವರ್ಷಗಳಿಂದ ಅವರು ಮಾಡುತ್ತಿರುವುದು ಒಂದೇ ಕೆಲಸ. ಕಾಲಿಡಲು ಜಾಗವಿಲ್ಲದ ಅಡುಗೆಮನೆಗಳಲ್ಲಿ ಜಾಗ ಹುಡುಕಿ ಕೊಡುವುದು. ದೊಡ್ಡ ಅಡುಗೆಮನೆಯವರು ಕರೆದರೆ ಕೈ ಮುಗಿದು ಬಂದುಬಿಡುತ್ತಾರೆ. “ಅಲ್ಲಿ ನನಗೇನೂ ಕೆಲಸ ಇಲ್ಲ. ಜಾಗ ಇದ್ದೋರಿಗೆ ಜಾಗದ ಬೆಲೆ ಗೊತ್ತಾಗಲ್ಲ, ನನಗೆ ಅಲ್ಲಿ ಬೇಜಾರು ಹಿಡಿಯುತ್ತೆ,” ಎನ್ನುತ್ತಾರೆ.

ಮೇಸ್ತ್ರಿ ಗೋಡೆಯನ್ನು ಅಳೆಯುವುದು ಎರಡನೇ ದಿನ. ಮೊದಲ ದಿನ ಅಳೆಯುವುದು ಅಡುಗೆ ಮಾಡುವವರನ್ನು. ಬೆಳಗಿನ ಜಾವದಲ್ಲೇ ಬಂದು ಬಾಗಿಲಲ್ಲಿ ಕೂರುತ್ತಾರೆ. ಹೊಟ್ಟೆಪಾಡಿನ ಅವಸರದಲ್ಲಿ ಕೈ ಸುಳ್ಳು ಹೇಳುವುದಿಲ್ಲ ಎಂಬುದು ಅವರ ನಂಬಿಕೆ. ಆಮೇಲೆ ಮನೆಯವರ ಗೇಣು, ಮೊಳ, ಕಣ್ಣೆತ್ತರ, ಸೊಂಟದೆತ್ತರ ಎಲ್ಲವೂ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಮೂಡುತ್ತವೆ. ಕೊನೆಗೆ ಒಂದು ಪರೀಕ್ಷೆ. ಮನೆಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ, ಕಣ್ಣು ಮುಚ್ಚಿಕೊಂಡು ಉಪ್ಪು ತನ್ನಿ ಎನ್ನುತ್ತಾರೆ. ಯಾರ ಕೈ ನೇರವಾಗಿ ಉಪ್ಪಿಗೆ ಹೋಗುತ್ತದೋ ಆ ಮನೆಯ ಅಡುಗೆಯವರು ಅವರೇ.

ಈ ಪರೀಕ್ಷೆಯಿಂದ ಕೆಲವು ಮನೆಗಳಲ್ಲಿ ಮುಸುಕಿನ ಗುದ್ದಾಟ ನಡೆದದ್ದೂ ಉಂಟು. ಒಂದು ಮನೆಯಲ್ಲಿ ಯಜಮಾನತಿ ತಾನು ಹೀಗೆ ಬೇಯಿಸುತ್ತೇನೆ, ಹಾಗೆ ಹೆಚ್ಚುತ್ತೇನೆ ಎಂದು ಅರ್ಧ ಗಂಟೆ ವಿವರಿಸಿದರಂತೆ. ಕಣ್ಣು ಮುಚ್ಚಿಸಿದರೆ ಅವರ ಕೈ ಹೋದದ್ದು ಸೋಪಿನ ಪುಡಿಗೆ. ಮೂಲೆಯಲ್ಲಿ ಪೇಪರ್ ಓದುತ್ತ ಕೂತಿದ್ದ ಮಾವ ಎದ್ದು ಬಂದು, ಕಣ್ಣು ಮುಚ್ಚಿ, ಉಪ್ಪು ತೆಗೆದುಕೊಟ್ಟು, ಮತ್ತೆ ಹೋಗಿ ಪೇಪರ್ ಹಿಡಿದರು. “ನಾನು ಏನೂ ಮಾತಾಡ್ಲಿಲ್ಲ. ಸುಮ್ನೆ ಆ ಮಾವನ ಸೊಂಟದ ಎತ್ತರಕ್ಕೆ ಕಟ್ಟೆ ಕಟ್ಟಿಸಿ ಬಂದೆ,” ಎಂದು ಮೇಸ್ತ್ರಿ ಮೀಸೆಯಡಿ ನಗುತ್ತಾರೆ.

ಅವರ ಶಾಸ್ತ್ರ ಸರಳ. ದಿನಾ ಬೇಕಾದದ್ದು ಕಣ್ಣಿಗೂ ಸೊಂಟಕ್ಕೂ ನಡುವೆ ಇರಬೇಕು. ವಾರಕ್ಕೊಮ್ಮೆ ಬೇಕಾದದ್ದು ಮೊಣಕಾಲಿನ ಕೆಳಗೆ, ಅಪರೂಪಕ್ಕೆ ಬೇಕಾದದ್ದು ತಲೆಯ ಮೇಲೆ. “ಯಾವತ್ತೂ ಬೇಡದ್ದು ಅಂತ ಒಂದು ಇರುತ್ತೆ. ಅದನ್ನ ಯಾರೋ ನೆಂಟರು ಕೊಟ್ಟಿರ್ತಾರೆ. ಅದಕ್ಕೆ ನನ್ನ ಹತ್ರಾನೂ ಮದ್ದಿಲ್ಲ.” ಫ್ರಿಜ್ಜಿಗೂ ಗೋಡೆಗೂ ನಡುವಿನ ಅಂಗೈಯಗಲದ ಸಂದಿಯಲ್ಲಿ ಚಕ್ರ ಹಾಕಿದ ಉದ್ದನೆಯ ಕಪಾಟು ಎಳೆದುಕೊಳ್ಳುವಂತೆ ಕೂರಿಸುತ್ತಾರೆ. ಕಪಾಟಿನ ತಳದಲ್ಲಿ, ಕಾಲಬೆರಳು ತಾಗುವ ಕಡೆ ತಟ್ಟೆಗಳಿಗೆಂದು ತೆಳ್ಳನೆಯ ಡ್ರಾಯರ್ ಅಡಗಿಸುತ್ತಾರೆ. ಬಾಗಿಲ ಬೆನ್ನಿಗೆ ಪಾತ್ರೆಯ ಮುಚ್ಚಳಗಳು, ಹಲಗೆಯ ಹೊಟ್ಟೆಗೆ ಲೋಟಗಳ ಕೊಕ್ಕೆ. ತರಕಾರಿ ಹೆಚ್ಚುವ ಮಣೆ ಕಟ್ಟೆಯ ಕೆಳಗಿನಿಂದ ಎಳೆದರೆ ಬರುತ್ತದೆ, ತಳ್ಳಿದರೆ ಮಾಯವಾಗುತ್ತದೆ. ಊಟದ ಮೇಜು ಗೋಡೆಗೆ ಆತುಕೊಂಡು ಮಲಗಿರುತ್ತದೆ, ಹಸಿವಾದಾಗ ಎಬ್ಬಿಸಿದರಾಯಿತು.

ಕೆಲಸ ಮುಗಿಯಿತೆಂದು ಗೊತ್ತಾಗುವುದು ಹೇಗೆ? “ಮಾತಾಡ್ತಾ ಮಾತಾಡ್ತಾ, ಆ ಕಡೆ ನೋಡದೇನೇ ಡಬ್ಬಿ ತಗೊಂಡ್ರೆ ಮುಗೀತು. ಅಲ್ಲಿವರೆಗೂ ನಾನು ಸಾಮಾನು ಕಟ್ಟಲ್ಲ.”

ಹಾಲು ಉಕ್ಕುವ ಮೊದಲೇ ಇಳಿಸಿದ ದಾದಿ ಒಂದು ಲೋಟ ಚಹಾ ಮಾಡಿ ಮೇಸ್ತ್ರಿಯ ಕೈಗಿಡುತ್ತಾರೆ. “ಅಲ್ಲ ಮೇಸ್ತ್ರಿ, ಊರವರಿಗೆಲ್ಲ ಹೀಗೆ ಮಾಡಿಕೊಡ್ತೀರಿ. ನಿಮ್ಮ ಮನೆ ಅಡುಗೆಮನೆ ಇನ್ನು ಹೇಗಿರಬೇಡ.”

ಅದುವರೆಗೆ ಹರಟುತ್ತಿದ್ದ ಮೇಸ್ತ್ರಿ ಚಹಾ ಊದುವ ನೆಪದಲ್ಲಿ ಮುಖ ತಗ್ಗಿಸುತ್ತಾರೆ. ಬೇರೆ ಯಾವಾಗಲಾದರೂ ಈ ಮಾತಿಗೆ ಅವರು ಹೆಮ್ಮೆಯಿಂದ ತಲೆ ಆಡಿಸುತ್ತಿದ್ದರೇನೋ. ಆದರೆ ಹೋದ ವಾರ ಜ್ವರ ಬಂದು ಮನೆಯಲ್ಲಿ ಮಲಗಿದಾಗ, ತಮ್ಮದೇ ಅಡುಗೆಮನೆಯಲ್ಲಿ ಅವರು ಒಂದು ಸಂಗತಿ ಕಂಡಿದ್ದಾರೆ. ಅದರಿಂದ ಒಂದು ಹಲಗೆ ಅವರ ನಿದ್ದೆ ಕೆಡಿಸಿದೆ. ಅದು ತೀರಿಹೋದ ಹೆಂಡತಿಯ ಹಲಗೆ. ಅದನ್ನು ಕಳಚಬೇಕೋ ಬೇಡವೋ ಎಂಬುದನ್ನು ಈ ಭಾನುವಾರದೊಳಗೆ ತೀರ್ಮಾನಿಸಬೇಕೆಂದು ತಮಗೆ ತಾವೇ ಗಡುವು ಹಾಕಿಕೊಂಡಿದ್ದಾರೆ.

ಮೇಸ್ತ್ರಿ ಹುಟ್ಟಿ ಬೆಳೆದದ್ದೇ ಒಂದು ಮೆಟ್ಟಿಲ ಕೆಳಗೆ. ಅಪ್ಪ ಕಾವಲುಗಾರನಾಗಿದ್ದ ದೊಡ್ಡ ಕಟ್ಟಡದಲ್ಲಿ ಮೆಟ್ಟಿಲಡಿಯ ಇಳಿಜಾರು ಕೋಣೆಯೇ ಮನೆ. ಆರು ಜನ. ಎತ್ತರ ಇರುವ ಕಡೆ ಅಪ್ಪ ನಿಲ್ಲುತ್ತಿದ್ದ, ತಗ್ಗಿರುವ ಕಡೆ ಮಕ್ಕಳು ಮಲಗುತ್ತಿದ್ದವು, ನಡುವೆ ಅಮ್ಮನ ಒಲೆ. ಮೇಲೆ ಯಾರಾದರೂ ಮೆಟ್ಟಿಲು ಹತ್ತಿದರೆ ಅಮ್ಮ ಪಾತ್ರೆಯ ಮೇಲೆ ತಟ್ಟನೆ ತಟ್ಟೆ ಮುಚ್ಚುತ್ತಿದ್ದಳು, ಸುಣ್ಣದ ಪುಡಿ ಉದುರದಿರಲಿ ಎಂದು. ಒಂದೊಂದು ಮೆಟ್ಟಿಲ ಹೊಟ್ಟೆಗೂ ಒಂದೊಂದು ಕೆಲಸ ಹಚ್ಚಿದ್ದಳು. ಮೊದಲನೆಯದರಲ್ಲಿ ಬೆಂಕಿಪೊಟ್ಟಣ, ಎರಡನೆಯದರಲ್ಲಿ ಉಪ್ಪು, ಮೂರನೆಯದರಲ್ಲಿ ಚಹಾಪುಡಿ. ಕೊನೆಯ, ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಮಕ್ಕಳ ಕೈಗೆ ಸಿಗದ ಬೆಲ್ಲ.

“ಒಲೆ ಆರಿದ ಮೇಲೆ ಅದರ ಪಕ್ಕದ ಜಾಗಕ್ಕೆ ನಮ್ಮಲ್ಲಿ ಜಗಳ. ಬೆಚ್ಚಗಿರ್ತಿತ್ತು. ಈಗ ದೊಡ್ಡ ಮಂಚ ಇದೆ, ಮೆತ್ತನೆ ಹಾಸಿಗೆ ಇದೆ. ಆ ನಿದ್ದೆ ಮಾತ್ರ ಬರಲ್ಲ,” ಎನ್ನುತ್ತ ಮೇಸ್ತ್ರಿ ದೂರ ನೋಡುತ್ತಾರೆ. ಅಲ್ಲಿ ನೋಡುವಂಥದ್ದೇನೂ ಇಲ್ಲ, ದಾದಿಯ ಮನೆಯ ನೀರಿನ ಪೈಪು ಅಷ್ಟೇ. ಇಂದಿಗೂ ಹೊಸ ಮನೆಗೆ ಕಾಲಿಟ್ಟರೆ ಅವರ ಕಣ್ಣು ಮೊದಲು ಹೋಗುವುದು ಮೆಟ್ಟಿಲ ಕೆಳಗೇ.

ಹದಿಹರೆಯದಲ್ಲಿ ಮರಗೆಲಸದ ಅಂಗಡಿ ಸೇರಿದರು. ಅಲ್ಲಿ ದೊಡ್ಡ ದೊಡ್ಡ ಬೀರುಗಳದ್ದೇ ಕಾರುಬಾರು. ಬೀರು ಹಿಗ್ಗಿದಷ್ಟೂ ಅಂಗಡಿಯ ಯಜಮಾನನ ಎದೆ ಹಿಗ್ಗುತ್ತಿತ್ತು. ಒಮ್ಮೆ ಒಂದು ಬೀರು ಗಿರಾಕಿಯ ಮನೆಯ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಮೇಲಿನ ಮನೆಯವರು ಎರಡು ದಿನ ಬೀರುವಿನ ಬಾಗಿಲು ತೆರೆದು, ಒಳಗೆ ಹೊಕ್ಕು, ಬೆನ್ನಿನ ಹಲಗೆ ಕಿತ್ತ ಸಂದಿಯಿಂದ ಹೊರಬಂದು ಕೆಲಸಕ್ಕೆ ಹೋದರು. ಅಲ್ಲಿಗೆ ಈ ಹುಡುಗನಿಗೆ ದೊಡ್ಡದರ ಮೋಹ ಬಿಟ್ಟುಹೋಯಿತು. ಅದೇ ಅಂಗಡಿಯ ಗರಗಸಕ್ಕೆ ಎಡಗೈ ಕಿರುಬೆರಳಿನ ತುದಿಯೂ ಹೋಯಿತು. ತನ್ನ ಗೇಣು ಮೊಟಕಾದ್ದರಿಂದಲೇ ಮೇಸ್ತ್ರಿ ಮಂದಿಯ ಗೇಣು ಕೇಳುತ್ತಾರೆ ಎಂದು ಬೀದಿಯವರು ತಮಾಷೆ ಮಾಡುತ್ತಾರೆ. ಮೇಸ್ತ್ರಿ ಹೂಂ ಎಂದು ತೇಲಿಸಿಬಿಡುತ್ತಾರೆ. ನಿಜವಾದ ಕಾರಣ ಬೇರೆ ಇದೆ.

ಮದುವೆಯಾದ ಹೊಸದರಲ್ಲಿ ಅವರು ಹೆಂಡತಿಗೆಂದು ತಮ್ಮ ಒಂಟಿ ಕೋಣೆಯ ಮೂಲೆಯಲ್ಲಿ ಅಡುಗೆಮನೆ ಕಟ್ಟಿದರು. ಸ್ವಂತ ಬುದ್ಧಿಯಿಂದ ಕಟ್ಟಿದ ಮೊದಲ ಅಡುಗೆಮನೆ ಅದು. ಒಲೆಯ ಮೇಲೆ ಉದ್ದನೆಯ ತೇಗದ ಹಲಗೆ. ಅದಕ್ಕೆ ಮೂರು ಸಲ ಉಜ್ಜುಕಾಗದ ಹಾಕಿ, ಎಣ್ಣೆ ತಿಕ್ಕಿ, ಕನ್ನಡಿಯ ಹಾಗೆ ಮಾಡಿದ್ದರು. ಹೆಂಡತಿ ನೋಡಿ ತುಂಬಾ ಚೆನ್ನಾಗಿದೆ ರೀ ಎಂದಳು. ಗಂಡ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದ. ಒಲೆಯ ಬುಡದಲ್ಲಿ ಅವಳು ಸೋಪು ತುಂಬಿ ಬರುವ ಒಂದು ಮರದ ಪೆಟ್ಟಿಗೆ ಬೋರಲು ಹಾಕಿ ಇಟ್ಟುಕೊಂಡಿದ್ದಳು. ತರಕಾರಿ ಹೆಚ್ಚುವಾಗ ಕೂರಲು ಇರಬೇಕು ಎಂದುಕೊಂಡು ಗಂಡ ವರ್ಷಗಟ್ಟಲೆ ಅದನ್ನು ದಾಟಿಕೊಂಡು ಓಡಾಡಿದ.

ಒಂದು ದಿನ ಹೊರಗೆ ಬಿದ್ದು ಅತ್ತ ಮಗನ ಕಡೆಗೆ ಓಡುವ ಅವಸರದಲ್ಲಿ ಅವಳು ಆ ಪೆಟ್ಟಿಗೆಯಿಂದ ಇಳಿದಳು, ಕಾಲು ಉಳುಕಿತು. ಗಂಡ ಒಂದು ವಾರ ಅಡುಗೆಗೆ ನಿಂತ.

“ಉಪ್ಪು ಬೇಕು ಅಂದ್ರೆ ಕೈ ಮುಂದೆ ಉಪ್ಪು. ಎಣ್ಣೆ ಬೇಕು ಅಂದ್ರೆ ಎಣ್ಣೆ. ಎಲ್ಲಾ ತಾನಾಗಿ ಕೈಗೆ ಬಂತು. ಆಹಾ ಏನು ಅಡುಗೆಮನೆ ಅಂದ್ಕೊಂಡೆ. ಎರಡನೇ ದಿನಕ್ಕೆ ತಲೆಗೆ ಹೊಳೀತು. ಇದನ್ನ ನಾನು ನನಗೇ ಕಟ್ಟಿಕೊಂಡಿದ್ದೀನಿ. ಅವಳು ನನ್ನ ಭುಜಕ್ಕೂ ಬರ್ತಿರ್ಲಿಲ್ಲ.” ಮೇಸ್ತ್ರಿ ಚಹಾದ ಲೋಟ ಕೆಳಗಿಡುತ್ತಾರೆ. “ಪೆಟ್ಟಿಗೆ ಎತ್ತಿ ನೋಡಿದೆ. ನಿಂತು ನಿಂತು ಎರಡು ಪಾದದ ಗುರುತು ಬಿದ್ದಿತ್ತು, ಮರ ಸವೆದು ಹೋಗಿತ್ತು. ಯಾಕೆ ಹೇಳ್ಲಿಲ್ಲ ಅಂತ ಕೇಳಿದೆ. ‘ನೀವು ಅಷ್ಟು ಖುಷಿಯಾಗಿದ್ರಿ, ಹೇಗೆ ಹೇಳ್ಲಿ’ ಅಂದ್ಳು.”

ಅವತ್ತು ಹೆಂಡತಿಯನ್ನು ಒಲೆಯ ಮುಂದೆ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಕೈ ಎತ್ತಿಸಿ, ಬೆರಳು ಮುಟ್ಟಿದ ಕಡೆ ಸೀಮೆಸುಣ್ಣದಲ್ಲಿ ಗೀಟು ಹಾಕಿದರು. ಹಲಗೆ ಒಂದೂವರೆ ಗೇಣು ಕೆಳಗಿಳಿಯಿತು. ಗೋಡೆಯಲ್ಲಿ ಉಳಿದ ಹಳೆಯ ತೂತುಗಳಿಗೆ ಮರದ ಬೆಣೆ ಬಡಿದು ಸುಣ್ಣ ಬಳಿದರು. ಮೇಸ್ತ್ರಿಯ ಕೆಲಸದ ರೀತಿ ಶುರುವಾದದ್ದು ಅಲ್ಲಿಂದ. ಆ ಹಲಗೆಯ ಕೆಳಗೆ ಹೆಂಡತಿ ಮುಂದಿನ ಇಪ್ಪತ್ತಾರು ವರ್ಷ ಬೇಯಿಸಿದಳು, ಗೊಣಗಿದಳು, ಹಾಡಿದಳು. ಕಾಯಿಲೆ ಬಂದು ಅವಳು ಹೋಗಿ ಈಗ ಕೆಲವು ವರ್ಷಗಳಾದವು. ಹಲಗೆಯ ತುದಿಯಲ್ಲಿ ಅವಳ ಎಣ್ಣೆಗೈ ತಾಗಿ ತಾಗಿ ಕಪ್ಪಾದ ಗುರುತು ಇನ್ನೂ ಇದೆ.

ಈಗ ಆ ಅಡುಗೆಮನೆಯಲ್ಲಿ ಸೊಸೆ ನಿಲ್ಲುತ್ತಾಳೆ. ಸಾಮಾನು ಸಾಗಿಸುವ ವ್ಯಾನು ಓಡಿಸುವ ಮಗ ಅವಳನ್ನು ಕಟ್ಟಿಕೊಂಡು ಬಂದಾಗ ಬೀದಿಯವರು ಮೊದಲು ಹೇಳಿದ ಮಾತು, ಹುಡುಗಿ ಎಷ್ಟು ಎತ್ತರ ಎಂದೇ. ಅವಳು ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಮನೆಯಲ್ಲೂ ಕೈ ಸುಮ್ಮನಿರುವುದಿಲ್ಲ. ಬಂದ ಕೆಲವೇ ದಿನಗಳಲ್ಲಿ ಆ ಹಲಗೆಯ ಅಂಚಿಗೆ ಹತ್ತಿ ತುಂಬಿ, ಹೂವಿನ ಬಟ್ಟೆಯಲ್ಲಿ ಪಟ್ಟಿ ಹೊಲಿದು ಹಾಕಿದಳು. ಮೇಸ್ತ್ರಿಗೆ ಅದನ್ನು ಕಂಡು ಬಹಳ ಸಂತೋಷ. ನಮ್ಮ ಸೊಸೆ ಹಲಗೆಗೂ ಲಂಗ ತೊಡಿಸಿದ್ದಾಳೆ ಎಂದು ಗಿರಾಕಿಗಳ ಮನೆಯಲ್ಲೆಲ್ಲ ಹೇಳಿಕೊಂಡು ತಿರುಗಿದರು.

ಹೋದ ವಾರದ ಜ್ವರ ಬರದಿದ್ದರೆ ಹಾಗೆಯೇ ತಿರುಗುತ್ತಿದ್ದರು. ದಿನಾ ನಸುಕಿನಲ್ಲೇ ಮನೆ ಬಿಡುವವರು, ಕಂಡವರ ಬಾಗಿಲಲ್ಲಿ ಗೋಣಿಚೀಲ ಹಾಸಿ ಕೂರುವವರು, ಹೆಂಡತಿ ಹೋದ ಮೇಲೆ ತಮ್ಮ ಅಡುಗೆಮನೆಯ ಬಾಗಿಲಲ್ಲಿ ಒಮ್ಮೆಯೂ ಕೂತಿರಲಿಲ್ಲ. ಅವತ್ತು ಕಂಬಳಿ ಹೊದ್ದು ಕೂತರು. ಸೊಸೆ ಉರಿ ಸಣ್ಣ ಮಾಡಲು ಬಾಗಿದಳು, ಹಣೆ ಹೋಗಿ ಬಟ್ಟೆಯ ಪಟ್ಟಿಗೆ ಮೆತ್ತಗೆ ತಾಗಿತು. ಅವಳು ಅಬ್ಬಾ ಎನ್ನಲಿಲ್ಲ, ಹಣೆ ಉಜ್ಜಿಕೊಳ್ಳಲೂ ಇಲ್ಲ. ಇದೇನು ಹೊಸದೇ ಎಂಬಂತೆ ಒಂದು ಹೆಜ್ಜೆ ಹಿಂದೆ ಸರಿದು ಕೆಲಸ ಮುಂದುವರಿಸಿದಳು. ಚಹಾ ಆಗುವುದರೊಳಗೆ ಇನ್ನೊಂದು ಸಲ ತಾಗಿತು.

“ಆ ಪಟ್ಟಿ ಅಂದಕ್ಕೆ ಹಾಕಿದ್ದಲ್ಲ. ಹಣೆ ಉಳಿಸಿಕೊಳ್ಳೋಕೆ ಹಾಕಿದ್ದು. ನನಗೆ ಆ ಸೋಪಿನ ಪೆಟ್ಟಿಗೆ ಕಣ್ಮುಂದೆ ಬಂತು. ಇಷ್ಟು ವರ್ಷ ಜನರ ಕೈ ನೋಡಿ ಕಲಿತಿದ್ದೆಲ್ಲಾ ನೀರಲ್ಲಿ ಹೋಮ ಆಯ್ತಲ್ಲ ಅನಿಸ್ತು. ಮತ್ತೆ ಅದೇ ತಪ್ಪು, ನನ್ನ ಮನೇಲೇ.”

ಯಾಕಮ್ಮ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಸೊಸೆ ಸೌಟು ತಿರುಗಿಸುತ್ತಲೇ ಉತ್ತರ ಕೊಟ್ಟಳಂತೆ. “ಅದು ಅತ್ತೆಯ ಹಲಗೆ ಮಾವ. ಬೆಳಗ್ಗೆ ಹೋಗೋವಾಗ ನೀವು ದಿನಾ ಅದರ ತುದಿ ಒಂದ್ಸಲ ಮುಟ್ಟಿ ಹೋಗ್ತೀರಿ. ನಾನು ಹೇಗೆ ಹೇಳ್ಲಿ?”

ಹಾಗೆ ಮುಟ್ಟುವುದು ಮೇಸ್ತ್ರಿಗೇ ಗೊತ್ತಿರಲಿಲ್ಲ. ಆಗ ಹಲಗೆಯನ್ನು ಸರಿಯಾಗಿ ನೋಡಿದರು. ಬಟ್ಟೆಯ ಪಟ್ಟಿ ಹಲಗೆಯ ಪೂರ್ತಿ ಉದ್ದಕ್ಕೆ ಇರಲಿಲ್ಲ. ಬಾಗಿಲ ಕಡೆಯ ತುದಿಯಲ್ಲಿ, ಕಪ್ಪು ಗುರುತು ಇರುವಲ್ಲಿ, ಒಂದು ಕೈಯಗಲ ಮರ ಹಾಗೆಯೇ ಬಿಟ್ಟಿತ್ತು. ಅಳತೆ ತಪ್ಪಿ ಬಿಟ್ಟದ್ದಲ್ಲ, ಮಾವನ ಕೈಗೆಂದು ಬಿಟ್ಟ ಜಾಗ ಅದು.

ಕಳಚಲು ಮನಸ್ಸು ಬಾರದು, ಕಳಚದಿರಲು ಮುಖವಿಲ್ಲ. ಹೆಂಡತಿ ನಿಂತ ಎತ್ತರ ಈ ಲೋಕದಲ್ಲಿ ಉಳಿದಿರುವುದು ಆ ಒಂದೇ ಕಡೆ. ಫೋಟೋದಲ್ಲಿ ಅವಳ ಮುಖ ಇದೆ, ಎತ್ತರ ಇಲ್ಲ. ಹಲಗೆಯ ಮುಂದೆ ನಿಂತರೆ ಮಾತ್ರ ಅವಳ ತಲೆ ಎಲ್ಲಿಗೆ ಬರುತ್ತಿತ್ತು, ಕೈ ಎಲ್ಲಿಗೆ ಹೋಗುತ್ತಿತ್ತು ಎಂದು ಈಗಲೂ ಹೇಳಬಹುದು. ಬೇರೆ ಯಾರ ಮನೆಯಲ್ಲಾದರೂ ಆಗಿದ್ದರೆ ಅರ್ಧ ಗಂಟೆಯ ಕೆಲಸ. ಇಲ್ಲಿ ಒಂದು ವಾರದಿಂದ ಸ್ಕ್ರೂಡ್ರೈವರ್ ಕೈಗೆ ಬರುತ್ತದೆ, ಮತ್ತೆ ಚೀಲಕ್ಕೆ ಹೋಗುತ್ತದೆ.

ಕೆಲಸವೂ ಮೊದಲಿನ ಹಾಗಿಲ್ಲ. ಮೊದಲು ತಿಂಗಳಿಗೆ ನಾಲ್ಕು ಮನೆ ಆಗುತ್ತಿತ್ತು, ಈಗ ಎರಡಾದರೆ ದೊಡ್ಡದು. ಸಿದ್ಧ ಕಪಾಟುಗಳು ಪೆಟ್ಟಿಗೆಯಲ್ಲಿ ಬಂದು ಮಧ್ಯಾಹ್ನದೊಳಗೆ ಗೋಡೆಗೆ ಏರುತ್ತವೆ. ಮೇಸ್ತ್ರಿಗೆ ಅವುಗಳ ಮೇಲೆ ಸಿಟ್ಟಿಲ್ಲ. “ಚೆನ್ನಾಗೇ ಮಾಡ್ತಾರೆ. ನಯವಾಗಿರುತ್ತೆ. ಆದ್ರೆ ಎಲ್ಲರೂ ಒಂದೇ ಎತ್ತರ ಅಂದ್ಕೊಂಡಿದ್ದಾರೆ ಪಾಪ.” ಸಿಂಕಿನ ಕೆಳಗೆ ನುಸುಳಿದರೆ ಹೊರಬರಲು ಮೊಣಕಾಲು ಒಪ್ಪುವುದಿಲ್ಲ. ಒಮ್ಮೆ ಹಾಗೆ ಒಳಗೇ ಸಿಕ್ಕಿಕೊಂಡು, ಮನೆಯವರು ಕಾಲು ಹಿಡಿದು ಎಳೆದದ್ದನ್ನು ಅವರೇ ಹೇಳಿಕೊಂಡು ನಗುತ್ತಾರೆ. ಇಷ್ಟು ದಿನ ಜಾಗವಿಲ್ಲದ ಕಡೆ ಜಾಗ ಹುಡುಕಿದ್ದಾಯಿತು, ಈಗ ನನಗೇ ಜಾಗ ಸಾಲುತ್ತಿಲ್ಲ ಎನ್ನುತ್ತಾರೆ.

ಭಾನುವಾರ ಬರುತ್ತದೆ. ಬೆಳಕು ಹರಿಯುವ ಹೊತ್ತಿಗೆ ಮೇಸ್ತ್ರಿ ಗೋಣಿಚೀಲ ತಂದು ತಮ್ಮದೇ ಅಡುಗೆಮನೆಯ ಬಾಗಿಲಲ್ಲಿ ಹಾಸಿ, ಗಿರಾಕಿಯ ಮನೆಯಲ್ಲಿ ಕೂರುವಂತೆಯೇ ಕೂರುತ್ತಾರೆ. ಜೇಬಿನಲ್ಲಿ ಸೀಮೆಸುಣ್ಣ. ಸೊಸೆ ಎದ್ದು ಬಂದವಳು ಅವರನ್ನು ನೋಡಿ ನಿಂತುಬಿಡುತ್ತಾಳೆ.

“ಬೇಡ ಮಾವ. ನನಗೆ ಅಭ್ಯಾಸ ಆಗಿದೆ.”

“ನಿಮ್ಮತ್ತೇನೂ ಹೀಗೇ ಅಭ್ಯಾಸ ಮಾಡ್ಕೊಂಡಿದ್ಳು. ಪೆಟ್ಟಿಗೆ ಮೇಲೆ ನಿಂತ್ಕೊಂಡು.” ಮೇಸ್ತ್ರಿ ಮೊಣಕಾಲು ಹಿಡಿದುಕೊಂಡು ಏಳುತ್ತಾರೆ. “ಬಾ ತಾಯಿ, ಒಲೆ ಮುಂದೆ ನಿಲ್ಲು. ಕಣ್ಣು ಮುಚ್ಚು. ಉಪ್ಪು ತಗೋ.”

ಅವಳ ಕೈ ಗಾಳಿಯಲ್ಲಿ ಏಳುತ್ತದೆ. ಹಲಗೆಯನ್ನು ದಾಟಿ, ಅದರ ಮೇಲಿನ ಡಬ್ಬಿಗಳನ್ನು ದಾಟಿ, ಬರಿಗೋಡೆಯ ಮೇಲೆ ಒಂದು ಕಡೆ ನಿಲ್ಲುತ್ತದೆ. ಮೇಸ್ತ್ರಿ ಗೀಟು ಎಳೆಯುತ್ತಾರೆ. ಆಮೇಲೆ ಮಗನೂ ಅಪ್ಪನೂ ಸೇರಿ ಡಬ್ಬಿಗಳನ್ನು ಇಳಿಸಿ, ಬಟ್ಟೆಯ ಪಟ್ಟಿ ಬಿಚ್ಚಿ, ಸ್ಕ್ರೂ ಒಂದೊಂದಾಗಿ ತೆಗೆಯುತ್ತಾರೆ. ಕೊನೆಯ ಸ್ಕ್ರೂ ತುಕ್ಕು ಹಿಡಿದು ಮೊಂಡಾಟ ಮಾಡುತ್ತದೆ. ಹಲಗೆ ಕೈಗೆ ಬಂದಾಗ ಮೇಸ್ತ್ರಿ ಅದನ್ನು ತಕ್ಷಣ ಕೆಳಗಿಡುವುದಿಲ್ಲ, ಎದೆಗೆ ಆನಿಸಿಕೊಂಡು ಸ್ವಲ್ಪ ಹೊತ್ತು ನಿಲ್ಲುತ್ತಾರೆ.

ಸುಣ್ಣ ಕೆರೆದಾಗ ಗೋಡೆಯ ಹಳೆಯ ಬೆಣೆಗಳು ಕಾಣುತ್ತವೆ. ಮದುವೆಯ ಹೊಸದರಲ್ಲಿ ಹಲಗೆ ಇದ್ದ ಜಾಗ. ಸೊಸೆಯ ಗೀಟು ಅದಕ್ಕೆ ಎರಡೇ ಬೆರಳು ಕೆಳಗಿದೆ.

“ಅಪ್ಪಾ, ಹಳೇ ತೂತು ಇಲ್ಲೇ ಇದೆಯಲ್ಲ. ಬೆಣೆ ತೆಗೆದು ಅಲ್ಲೇ ಕೂರಿಸಿದ್ರೆ ಆಯ್ತು. ಎರಡು ಬೆರಳು ತಾನೆ,” ಎನ್ನುತ್ತಾನೆ ಮಗ.

ಮೇಸ್ತ್ರಿ ತಲೆ ಅಲ್ಲಾಡಿಸುತ್ತಾರೆ. “ಅದು ನನ್ನ ಅಳತೆ ಕಣೋ. ಇವಳದ್ದು ಇಲ್ಲಿದೆ.” ಗೀಟಿನ ಮೇಲೆ ಡ್ರಿಲ್ಲು ಇಡುತ್ತಾರೆ.

ಹಲಗೆ ಅದೇ. ಕಪ್ಪು ಗುರುತಿನ ತುದಿ ಮತ್ತೆ ಬಾಗಿಲ ಕಡೆಗೇ ಬರುವಂತೆ ಕೂರಿಸಿದ್ದಾರೆ. ಬಿಚ್ಚಿದ ಪಟ್ಟಿಯನ್ನು ಸೊಸೆ ಒಗೆದು ಒಣಗಿಸಿ, ಮಾವನ ಮೊಣಕಾಲಿಗೆ ಆಗುತ್ತದೆಂದು ಆ ಗೋಣಿಚೀಲದ ಮೇಲೆ ಹೊಲಿದುಕೊಟ್ಟಿದ್ದಾಳೆ. ಮೇಸ್ತ್ರಿಗೆ ಇನ್ನು ದೊಡ್ಡ ಆಸೆಗಳೇನೂ ಇಲ್ಲ. ಮೊಣಕಾಲು ಇನ್ನೊಂದಷ್ಟು ಮನೆಗಳಿಗೆ ಸಹಕರಿಸಲಿ, ದಾದಿಯ ಮನೆಯ ಸಕ್ಕರೆ ಡಬ್ಬಿ ಬಲಕ್ಕೆ ಬರಲಿ, ಅಷ್ಟು ಸಾಕು.

ಸೋಮವಾರ ನಸುಕಿನಲ್ಲಿ ಅವರು ಚೀಲ ಹೆಗಲಿಗೇರಿಸಿ ಬಾಗಿಲ ಬಳಿ ನಿಂತಿದ್ದಾರೆ. ಸೊಸೆ ಬೆನ್ನು ಹಾಕಿ ಒಲೆಯ ಮುಂದಿದ್ದಾಳೆ. ಕಣ್ಣು ಉಕ್ಕಿ ಬರುತ್ತಿರುವ ಹಾಲಿನ ಮೇಲೆ, ಬಾಯಲ್ಲಿ ಗಂಡನಿಗೆ ಏನೋ ಗದರಿಕೆ. ಒಂದು ಕೈ ತಾನಾಗಿ ಮೇಲೆ ಹೋಗಿ ಸಕ್ಕರೆ ಡಬ್ಬಿ ಹಿಡಿದು ಇಳಿಯುತ್ತದೆ. ಮೇಸ್ತ್ರಿ ಅದನ್ನು ನೋಡಿ, ಹಲಗೆಯ ತುದಿಯನ್ನು ಒಮ್ಮೆ ಮುಟ್ಟಿ, ಮೆಟ್ಟಿಲು ಇಳಿಯುತ್ತಾರೆ. ದಾದಿಯ ಮನೆ ತಲುಪುವವರೆಗೂ ಅವರ ಬಾಯಲ್ಲಿ ಒಂದೇ ಮಾತು.

“ನೋಡದೇನೇ ತಗೊಂಡ್ಳು.”